ಹಳೇ ಖಾಕಿ ಅಂಗಿ

ನನಗೆ ಮರ ಹತ್ತಲು ಭಯ. ಎಂಬತ್ತರ ದಶಕದಲ್ಲಿ ಚಿಂತಾಮಣಿಯಲ್ಲಿ ನನಗಿದ್ದ ಖಾಯಂ ಸರ್ಕಾರಿ ಕೆಲಸವೋ, ರಸ್ತೆ ಬದಿಯ ಹುಣಸೆ ಮರ ಹತ್ತಿ ಕೊಂಬೆ ಸವರುವುದು! ಅದಕ್ಕೇ ಗೌರಿಬಿದನೂರಿನ ಸಾಮಿಲ್ಲೊಂದಕ್ಕೆ ಮರ ಕಡಿಯುತ್ತಿದ್ದ ಒಬ್ಬನನ್ನು ಹಿಡಿದೆ. ಅಲ್ಲಿ ಅವನ ಕೂಲಿ ನನ್ನ ಸಂಬಳಕ್ಕಿಂತ ಹೆಚ್ಚಿತ್ತು.

"ಖಾಸಗಿಯೋರು ಕೈಕಾಲು ಗಟ್ಟಿ ಇರೋವರ್ಗೂ ಕೊಡ್ತಾರೆ ಕಣಪ್ಪ. ನಮ್ಮಲ್ಲಿ ಮುಂದಕ್ಕೆ ಪಿಂಚಣಿ ಬರ್ತದೆ," ಎಂದೆ.

ನಂಬಿ ಬಂದ. ಕಡಿದ ಕೊಂಬೆ ಎಳೆದುಹಾಕುವ ದಿನಗೂಲಿಯವನೆಂದು ಸೇರಿಸಿದೆ. ವರ್ಷವರ್ಷವೂ ನನಗೆ ಹೊಸ ಖಾಕಿ ಬಂದಾಗ ಹಳೆಯದನ್ನು ಅವನಿಗೆ ಕೊಡುತ್ತಿದ್ದೆ. ಅದನ್ನು ತೊಟ್ಟು ಅವನು ಮರ ಹತ್ತುತ್ತಿದ್ದ. ಕೊಂಬೆ ಬೀಳುವಾಗ ನಾನು ಕೆಳಗೆ ನಿಂತು ಬಸ್ಸು ನಿಲ್ಲಿಸುತ್ತಿದ್ದೆ. ಅವನನ್ನು ಖಾಯಂ ಮಾಡಿ ಎಂದು ಸಾಹೇಬರಿಗೆ ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ, ಹಾಗಾದರೆ ನಿನ್ನ ಕೆಲಸವೇನು ಎಂದು ಕೇಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಿವೃತ್ತನಾದೆ. ಮೊದಲ ಪಿಂಚಣಿ ತರಲು ಬ್ಯಾಂಕಿಗೆ ಹೋದರೆ ಅವನೂ ಸಾಲಿನಲ್ಲಿ ನಿಂತಿದ್ದ. ಮೈಮೇಲೆ ನನ್ನದೇ ಖಾಕಿ ಅಂಗಿ, ಒಗೆದು ಇಸ್ತ್ರಿ ಮಾಡಿದ್ದು.

"ಅಣ್ಣ, ನನ್ಗೂ ಇನ್ನು ಮರ ಹತ್ತೋಕಾಗಲ್ಲ. ನಮ್ದೂ ಇಲ್ಲೇ ಅಲ್ವಾ ಕೊಡೋದು?" ಎಂದ.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇಲ್ಲೇ ಇರಪ್ಪ, ಕೇಳ್ಕೊಂಡ್ ಬರ್ತೀನಿ," ಎಂದು ಒಳಗೆ ಹೋದವನು, ನನ್ನ ದುಡ್ಡು ಇಸಿದುಕೊಂಡು ಹಿಂದಿನ ಬಾಗಿಲಿನಿಂದ ಮನೆಗೆ ಹೊರಟುಬಿಟ್ಟೆ.