ತಿಥಿ ಅಡುಗೆಯವರ ಭೂಗೋಳ ಪಾಠ

ನಂಬಬೇಡಿ. ಬೇಕಾದರೆ ಬೆಟ್ ಕಟ್ಟಿ. ಹೋದ ಶುಕ್ರವಾರ ಹಾಸನದ ನಮ್ಮ ಸ್ಕೂಲಿನ ಏಳನೇ ಕ್ಲಾಸಿಗೆ ಪ್ರಪಂಚದ ಭೂಗೋಳ ಕಲಿಸಿದ್ದು ಒಬ್ಬ ತಿಥಿ ಅಡುಗೆಯವರು! ಸೌಟು ಹಿಡಿಯುವ ಕೈಯಲ್ಲಿ ಬೆತ್ತ ಹಿಡಿದು, ದಕ್ಷಿಣ ಅಮೆರಿಕ ಎಲ್ಲಿದೆ ಅಂತ ನಲವತ್ತು ಮಕ್ಕಳಿಗೆ ತೋರಿಸಿದರು.

ಏರ್ಪಾಡು ಯಾರದು? ನನ್ನದೇ. ಇಂಥ ಐಡಿಯಾ ಜಿಲ್ಲೆಯಲ್ಲಿ ಇನ್ಯಾವ ಮೇಷ್ಟ್ರ ತಲೆಗೆ ಹೊಳೆಯುತ್ತದೆ? (ನಿಮ್ಮದು ಹೊಳೆಯುವುದು ತಲೆ ಮಾತ್ರ ಅಂತಾಳೆ ನನ್ನ ಹೆಂಡತಿ. ಅವಳಿಗೆ ಹೊಟ್ಟೆಕಿಚ್ಚು.)

ಶುರುವಾದದ್ದು ಸೋಮವಾರ. ಪೆರು ದೇಶದ ಬೆಟ್ಟದ ಜನ ಆಲೂಗಡ್ಡೆಯನ್ನು ಕೊರೆಯುವ ಹಿಮಕ್ಕೆ ಹರಡುತ್ತಾರೆ, ಕಾಲಲ್ಲಿ ತುಳಿದು ನೀರು ತೆಗೆಯುತ್ತಾರೆ, ಒಣಗಿಸಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ ಎಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ಆಲೂಗಡ್ಡೆ ಹುಟ್ಟಿದ್ದೇ ಅಲ್ಲಿ ಎಂದೆ. ಸಾಲಗಾಮೆ ಕಡೆಯ ಸವಿತಾ ಎದ್ದು ನಿಂತಳು.

"ಸುಳ್ಳು ಸಾ. ಆಲೂಗಡ್ಡೆ ನಮ್ದು. ನಮ್ಮಪ್ಪ ಎಲ್ಡೆಕ್ರೆ ಹಾಕವ್ರೆ."

ಪುರೋಹಿತರ ಮೊಮ್ಮಗ ಸುಬ್ಬು ಬಾಯಿ ಹಾಕಿದ: "ಅದಕ್ಕೇ ನಮ್ಮನೇಲಿ ತಿಥಿ ದಿನ ಆಲೂಗಡ್ಡೆ ಹೊಸಿಲು ದಾಟಲ್ಲ. ಸವಿತಾ ಅಪ್ಪ ಬೆಳೆದದ್ದು ಪಿತೃಗಳಿಗೆ ಆಗಲ್ಲ!"

ಇಡೀ ಕ್ಲಾಸು ಘೊಳ್ಳೆಂದಿತು. ಸವಿತಾ ಕೂತಳು. ಮಧ್ಯಾಹ್ನ ಟಿಫನ್ ಬಾಕ್ಸ್ ತೆರೆಯಲೇ ಇಲ್ಲ. (ಒಳಗೆ ಯಾವ ಪಲ್ಯ ಇತ್ತು ಅಂತ ಬೇರೆ ಹೇಳಬೇಕೇ?) ಮಂಗಳವಾರ ಬರಲಿಲ್ಲ. ಬುಧವಾರವೂ ಇಲ್ಲ. ಗುರುವಾರ ಬಂದದ್ದು ಅವಳ ಅಪ್ಪ ರಂಗೇಗೌಡರು.

"ಟೀಸಿ ಕೊಟ್ಬುಡಿ ಸಾ. ಇಸ್ಕೂಲ್ಗೆ ಓಗಾಕಿಲ್ಲ ಅಂತ ಕುಂತವ್ಳೆ. ನಮ್ ಬೆಳೆನ ಆಡ್ಕಂಡು ನಕ್ರಂತೆ. ಯಾರವ್ವಾ ಅಂದ್ರೆ ಎಸ್ರೇ ಏಳಾಕಿಲ್ಲ."

"ಗೌಡ್ರೇ, ನಾಳೆ ಮಗಳನ್ನ ಕರ್ಕೊಂಡು ಬನ್ನಿ. ನೀವೂ ಒಂದು ಪೀರಿಯಡ್ ಬೆಂಚಿನ ಮೇಲೆ ಕೂತ್ಕೊಳ್ಳಿ. ಆಮೇಲೂ ಟೀಸಿ ಬೇಕು ಅಂದ್ರೆ ನಾನೇ ಬರೆದು ಕೊಡ್ತೀನಿ."

ಅಂದುಬಿಟ್ಟೆ. ಲೆಕ್ಕದಲ್ಲಿ ಮೊದಲು ಬರುವ ಹುಡುಗಿ. ಅವಳ ಟೀಸಿ ಬರೆಯುವ ಕೈ ನನಗಿದೆಯೇ?

ಸಂಜೆ ಬಸ್ಸಿಳಿದವನು ಸೀದಾ ಹೋದದ್ದು ನಮ್ಮ ಹೊಳೆನರಸೀಪುರದ ನಾರಣಪ್ಪನವರ ಮನೆಗೆ. ಊರಿನಲ್ಲಿ ಸತ್ತವರಿಗೆಲ್ಲ ಐವತ್ತು ವರ್ಷದಿಂದ ಊಟ ಹಾಕುತ್ತಿರುವ ಮಹಾನುಭಾವರು.

"ಭೂಗೋಳವೇ? ನಂಗೆ ಅರಸೀಕೆರೆ ಆಚೆ ಏನೂ ಗೊತ್ತಿಲ್ಲವಲ್ಲೋ!"

"ತಿಥಿಗೆ ಏನೇನು ಹಾಕಲ್ಲ ಅಂತ ಹೇಳಿ, ಸಾಕು. ಉಳಿದದ್ದು ನನಗೆ ಬಿಡಿ."

ಶುಕ್ರವಾರ. ಗೋಡೆಯ ಮೇಲೆ ಪ್ರಪಂಚದ ನಕ್ಷೆ. ನನ್ನ ಕೈಯಲ್ಲಿ ಫ್ಯಾನ್ಸಿ ಸ್ಟೋರಿನ ಒಂದು ಶೀಟು ಸ್ಟಿಕ್ಕರ್ ಬಿಂದಿ. (ಅಂಗಡಿಯವನು ನನ್ನನ್ನು ನೋಡಿದ ನೋಟ ನೀವು ನೋಡಬೇಕಿತ್ತು.) ಹಿಂದಿನ ಬೆಂಚಿನಲ್ಲಿ ರಂಗೇಗೌಡರು, ಪಕ್ಕದಲ್ಲಿ ತಲೆ ಬಗ್ಗಿಸಿಕೊಂಡು ಸವಿತಾ.

"ಹೇಳಿ ನಾರಣಪ್ಪನವರೇ, ಏನೇನು ಹಾಕಲ್ಲ?"

"ಆಲೂಗಡ್ಡೆ." ಪೆರುವಿಗೆ ನಾನು ಒಂದು ಬಿಂದಿ ಅಂಟಿಸಿದೆ, ಅವರು ನನ್ನ ಬೆತ್ತದಿಂದ ಅದನ್ನು ಮಕ್ಕಳಿಗೆ ತೋರಿಸಿದರು. "ಟೊಮೇಟೊ." ಅಮೆರಿಕಕ್ಕೇ ಇನ್ನೊಂದು. "ಮೆಣಸಿನಕಾಯಿ. ಖಾರಕ್ಕೆ ಕಾಳುಮೆಣಸೇ." ಅದೂ ಅಮೆರಿಕ. ಬೀನ್ಸು? ಸೀಮೆಬದನೆ? ಅಲ್ಲಿಗೇ! ಎಲೆಕೋಸು ಯೂರೋಪಿಗೆ. ಐದು ನಿಮಿಷದಲ್ಲಿ ಅಮೆರಿಕ ಮದುವೆಗೆ ಹೊರಟ ಹಾಗೆ ಬಿಂದಿ ಇಟ್ಟುಕೊಂಡು ಮಿರಮಿರ ಮಿಂಚುತ್ತಿತ್ತು. ಇಂಡಿಯಾದ ಹಣೆ ಬೋಳು.

ನೋಡಿದಿರಾ? ಹಡಗಿನಲ್ಲಿ ಬಂದ ತರಕಾರಿ ಯಾವುದು ಅಂತ ನಾನು ಕಾಲೇಜಿನಲ್ಲಿ ಓದಿ ಕಲಿತದ್ದು. ಓದದ ನಾರಣಪ್ಪನವರ ಸೌಟಿಗೆ ಅದು ಮೊದಲೇ ಗೊತ್ತಿತ್ತು!

"ಸರಿ. ಟಿಫನ್ ಬಾಕ್ಸ್ ತೆಗೀರಿ. ಅಮೆರಿಕದಿಂದ ಬಂದದ್ದೆಲ್ಲ ಆಚೆಗಿಡಿ."

ಚಟ್ನಿ ಹೋಯಿತು. ಸಾರು ಹೋಯಿತು. ಉಪ್ಪಿನಕಾಯಿ ಹೋಯಿತು. ಗಲಾಟೆ ಕೇಳಿ ಡಬ್ಬಿ ಹಿಡಿದೇ ಬಂದ ಹೆಡ್‌ಮಾಸ್ಟರ ಟೊಮೇಟೊ ಬಾತಿನಲ್ಲಿ ಉಳಿದದ್ದು ಬರೀ ಅನ್ನ. (ಅದನ್ನು ನಾನೇ ಖುದ್ದಾಗಿ, ಬಹಳ ಸಂತೋಷದಿಂದ ಪರೀಕ್ಷೆ ಮಾಡಿದೆ.) ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದವು.

ರಂಗೇಗೌಡರಿಗೆ ತಡೆಯಲಾಗಲಿಲ್ಲ. "ಮೆಣ್ಸಿನ್ಕಾಯೂ ನಮ್ದಲ್ವಾ? ಅಂಗಾರೆ ಮುದ್ದೆ ಸಾ?"

"ರಾಗಿಯ ತವರು ಆಫ್ರಿಕಾ, ಗೌಡ್ರೇ. ಬಂದು ಸಾವಿರಾರು ವರ್ಷ ಆಯ್ತು."

ಗೌಡರು ಎದ್ದೇ ನಿಂತರು. "ಸಾ, ಆಲೂಗಡ್ಡೆ ತಕಂಡ್ರಿ, ಸುಮ್ಕಿದ್ದೆ. ಮುದ್ದೆ ತಂಟೆಗೆ ಮಾತ್ರ ಬರ್ಬ್ಯಾಡಿ!"

ನಕ್ಕು ನಕ್ಕು ಕ್ಲಾಸು ಸುಸ್ತಾಯಿತು. ಆಗ ಸವಿತಾ ತಲೆ ಎತ್ತಿದಳು.

"ತಾತ, ಅಂಗಾರೆ ಆಲೂಗಡ್ಡೆ ಮೈಲ್ಗೆನಾ?"

ಇದಕ್ಕೆ ನಾರಣಪ್ಪನವರಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ.

"ಮೈಲಿಗೆ ಯಾಕಾಗತ್ತೆ ಮಗು? ನಮ್ಮ ಮುತ್ತಜ್ಜ ಆಲೂಗಡ್ಡೆ ಕಂಡವನೇ ಅಲ್ಲ. ಕರೆದು ಕೂರಿಸಿ, ಅವನಿಗೆ ಗುರುತಿಲ್ಲದ್ದನ್ನ ಬಡಿಸಿದರೆ ಇದೇನೋ ಅನ್ನಲ್ವೇ? ಗುರುತಿಲ್ಲ, ಅಷ್ಟೆ. ತಿಥಿ ಮಾರನೇ ದಿನ ನಮ್ಮನೇಲಿ ಆಲೂಗಡ್ಡೆ ಹುಳೀನೇ! ನೋಡ್ತಿರು, ನಾನು ಸತ್ತಮೇಲೆ ನನ್ನ ಮಗ ಆಲೂಗಡ್ಡೆ ಪಲ್ಯ ಬಡಿಸದೇ ಹೋದರೆ ಎಲೆ ಮುಂದೆ ಕೂರಲ್ಲ ಅಂತ ಈಗಲೇ ಹೇಳಿದೀನಿ."

ಸವಿತಾ ನಕ್ಕಳು. ಎದ್ದು ನಕ್ಷೆಯ ಹತ್ತಿರ ಬಂದಳು. ಪೆರುವಿನ ಮೇಲೆ ಬೆರಳಿಟ್ಟು, ಸಮುದ್ರ ದಾಟಿಸಿ, ಯೂರೋಪಿಗೆ ತಂದಳು. ಅಲ್ಲಿಂದ ಮುಂದೆ?

"ಜಲಂಧರ ಕಣವ್ವಾ!" ಅಂತ ಹಿಂದಿನಿಂದ ಕೂಗಿದರು ರಂಗೇಗೌಡರು. "ನಮ್ ಬಿತ್ನೆ ಬರಾದು ಜಲಂಧರದಿಂದ!"

ಪಂಜಾಬ್ ಮುಟ್ಟಿ, ಬೆರಳು ಹಾಸನಕ್ಕೆ ಬಂದು ನಿಂತಿತು. ಅವಳೇ ಅಲ್ಲೊಂದು ಬಿಂದಿ ಅಂಟಿಸಿದಳು. ಕ್ಲಾಸು ಚಪ್ಪಾಳೆ ತಟ್ಟಿತು.

"ಏನ್ ಸಾ ಇದು," ಅಂದರು ಗೌಡರು. "ನಾನು ಧರ್ಮಸ್ಥಳ ಬುಟ್ರೆ ಎಲ್ಲೂ ಓಗಿಲ್ಲ. ನಮ್ ಆಲೂಗಡ್ಡೆ ಪರ್ಪಂಚನೇ ಸುತ್ಕಂಡ್ ಬಂದ್ಬುಟ್ಟದೆ! ಟೀಸಿ ಬ್ಯಾಡ ಬುಡಿ. ಆ ನಕಾಸೆ ಎಲ್ ಸಿಕ್ತದೆ ಏಳಿ."

ಇದಿಷ್ಟೂ ನಿಜ. ಬಿಂದಿ ನಿಜ, ಹೆಡ್‌ಮಾಸ್ಟರ ಬರಿಯನ್ನವೂ ನಿಜ. ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಸುಬ್ಬು ಅನ್ನುವ ಹುಡುಗ ನನ್ನ ಕ್ಲಾಸಿನಲ್ಲಿ ಇಲ್ಲ. ಸೋಮವಾರದ ಆ ಜೋಕು ನನ್ನದು, ತಿಥಿಯೂ ನಮ್ಮ ಮನೆಯದೇ.

ಅಪ್ಪ ಎಷ್ಟು ಕೇಳಿದರೂ ಸವಿತಾ ಹೇಳದೇ ಉಳಿಸಿದ ಹೆಸರನ್ನು ಇವತ್ತು ನಾನೇ ಹೇಳಿದ್ದೇನೆ.