ಒಳಕಲ್ಲಿಗೆ ಇಳಿಸಿದ ಕೈ

ಮಗಳ ಮದುವೆಗೆಂದು ಅಮ್ಮನಿಗೆ ಒಂದು ರೇಷ್ಮೆ ಸೀರೆ ತಂದಿದ್ದೆ. ದೊಡ್ಡಬಳ್ಳಾಪುರದ ಅಂಗಡಿಯವರು ನನ್ನನ್ನು ಮನಸ್ಸಿನಲ್ಲೇ ಬೈದುಕೊಂಡಿರಬೇಕು, ಅಷ್ಟು ಬಿಚ್ಚಿಸಿ, ಅಷ್ಟು ಮಡಚಿಸಿ ಆರಿಸಿದ್ದು. ಕಂದು ಮೈ, ಸಣ್ಣ ಅಂಚು, ಎಪ್ಪತ್ತೆಂಟರ ವಯಸ್ಸಿಗೆ ಒಪ್ಪುವಂಥದ್ದು. ಅಮ್ಮ ಪೊಟ್ಟಣ ಬಿಚ್ಚಿದಳು, ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು, ಹಾಗೇ ಮಡಿಸಿ ನನ್ನ ತೊಡೆಯ ಮೇಲೇ ವಾಪಸ್ ಇಟ್ಟಳು. “ಚೆನ್ನಾಗಿದೆ ಕಣೇ. ಆದ್ರೆ ಇದ್ರಲ್ಲಿ ಯಾರ ಕೈನೂ ಒರೆಸಕ್ಕಾಗಲ್ಲ” ಅಂದಳು.

ನಗು ಬಂತು, ಆಮೇಲೆ ಬರಲಿಲ್ಲ. ಅಮ್ಮನ ಸೆರಗು ನಮ್ಮ ಮನೆಯ ಟವಲ್ಲು. ಕೈತೊಳೆದು ಬಂದವರು ಯಾರೇ ಆಗಲಿ, ಅವಳು ಕೈ ಹಿಡಿದು ಎಳೆದುಕೊಂಡು ಒರೆಸಿಬಿಡುವಳು. ಇಂಗಿನ ವಾಸನೆ, ಸೌದೆಹೊಗೆಯ ವಾಸನೆ, ಸ್ವಲ್ಪ ಹಸಿ ವಾಸನೆ. ನನ್ನ ಯಜಮಾನರು ಮದುವೆಯಾದ ಹೊಸದರಲ್ಲಿ ಈ ಸೆರಗಿಗೆ ಹೆದರಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೇ ಒಳಗೆ ಬರುತ್ತಿದ್ದರು. ಈಗ ಅವರೇ ಕೈ ಮುಂದೆ ಚಾಚಿಕೊಂಡು ನಿಲ್ಲುತ್ತಾರೆ.

ಆದರೆ ಸೆರಗು ಅಂದಕೂಡಲೇ ನನಗೆ ನೆನಪಾಗುವುದು ಶಿವಗಂಗೆ. ಸೆರಗಿಗೂ ಬೆಟ್ಟಕ್ಕೂ ಏನು ಸಂಬಂಧ ಅಂತೀರಾ? ಹೇಳ್ತೀನಿ, ಸ್ವಲ್ಪ ಸುತ್ತಿಕೊಂಡು ಬರಬೇಕು.

ಅಪ್ಪ ತ್ಯಾಮಗೊಂಡ್ಲುವಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ದಸರಾ ರಜೆ ಬಂತೆಂದರೆ ಉಳಿದ ಮೇಷ್ಟ್ರುಗಳ ಮಕ್ಕಳು ಮೈಸೂರು, ಊಟಿ ಅಂತ ಹೋಗಿಬರುತ್ತಿದ್ದರು. ನಾವು ಶಿವಗಂಗೆಗೆ. ಮಾಳಿಗೆ ಹತ್ತಿದರೆ ಕಾಣುವ ಬೆಟ್ಟಕ್ಕೆ ಎರಡು ಬಸ್ಸು ಬದಲಿಸಿ, ಹಾಸಿಗೆ ಸುತ್ತಿಕೊಂಡು, ಮೂರು ದಿನದ ಟೂರು ಹೋಗುವವರು ನಾವೊಬ್ಬರೇ ಇದ್ದೆವು ಅಂತ ಕಾಣುತ್ತೆ. ಶಾಲೆಯಲ್ಲಿ ‘ನಾನು ಮಾಡಿದ ಪ್ರವಾಸ’ ಅಂತ ಪ್ರಬಂಧ ಬರೆಸಿದರೆ, ಮೂರನೇ ಕ್ಲಾಸಿನದನ್ನೇ ಏಳನೇ ಕ್ಲಾಸಿನವರೆಗೂ ಬರೆದೆ. ನಡುವೆ ಕೋತಿಗಳ ಸಂಖ್ಯೆ ಮಾತ್ರ ಹೆಚ್ಚಿಸುತ್ತಾ ಹೋದೆ.

ದೊಡ್ಡಬೆಳವಂಗಲದಿಂದ ಅಪ್ಪನ ಅಕ್ಕ ಜಯತ್ತೆಯೂ ಮಾವನೂ ಬಂದು ಡಾಬಸ್‌ಪೇಟೆಯಲ್ಲಿ ನಮ್ಮನ್ನು ಕೂಡಿಕೊಳ್ಳುತ್ತಿದ್ದರು. ಬೆಟ್ಟದ ಬುಡದಲ್ಲಿ ಒಂದು ಹಳೇ ಛತ್ರ, ಕಲ್ಲಿನ ನೆಲ, ಕಂಬಕ್ಕೊಂದು ಹಲ್ಲಿ. ಅಲ್ಲಿ ಅಪ್ಪನದೊಂದು ನಿಯಮ. ಆ ಮೂರು ದಿನ ಅಡುಗೆ ಅವರದು. ಪಂಪ್ ಸ್ಟೌ ಹಚ್ಚಿ, ಪಂಚೆ ಎತ್ತಿಕಟ್ಟಿ, ಉಪ್ಪಿಟ್ಟು ಅಂತ ಒಂದು ಮಾಡುವರು. ಅದನ್ನು ತಟ್ಟೆಗೆ ಹಾಕಿದರೆ ತಟ್ಟೆಯನ್ನು ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಅಮ್ಮ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತು, ಆ ಉಪ್ಪಿಟ್ಟನ್ನು ಒಂದು ಮಾತಿಲ್ಲದೆ ತಿನ್ನುವಳು. ವರ್ಷದಲ್ಲಿ ಅವಳು ಕಾಲು ನೀಡಿ ಕೂತದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ಎರಡನೇ ದಿನ ಬೆಟ್ಟ ಹತ್ತುವುದು. ಅರ್ಧ ದಾರಿಯಲ್ಲಿ ಒಳಕಲ್ ತೀರ್ಥ ಸಿಗುತ್ತೆ. ನೀವು ಹೋಗಿದ್ದರೆ ಗೊತ್ತಿರುತ್ತೆ; ಬಂಡೆಯ ಸಂದಿಯ ಕತ್ತಲಲ್ಲಿ ಒರಳಿನಂಥ ಒಂದು ಗುಂಡಿ. ಬಗ್ಗಿ, ತೋಳಿನವರೆಗೂ ಕೈ ಇಳಿಸಬೇಕು. ಪುಣ್ಯ ಮಾಡಿದವರ ಕೈಗೆ ನೀರು ಸಿಗುತ್ತೆ, ಪಾಪ ಮಾಡಿದವರಿಗೆ ಸಿಗುವುದಿಲ್ಲ ಅನ್ನುವುದು ಹಿಂದಿನಿಂದ ಬಂದ ಮಾತು. ನಮ್ಮ ಮನೆಯಲ್ಲಿ ಸರದಿಯೂ ಗೊತ್ತುಮಾಡಿದ್ದೇ ಆಗಿತ್ತು. ಮೊದಲು ಅಪ್ಪ, ಆಮೇಲೆ ಜಯತ್ತೆ, ಮಾವ, ನಾನು, ತಮ್ಮ, ಎಲ್ಲರದೂ ಆದಮೇಲೆ ಅಮ್ಮ.

ನನಗೆ ಏಳು ವರ್ಷ, ಮೊದಲ ಸಲ ಕೈ ಇಳಿಸಿದ್ದೆ. ಬೆರಳಿಗೆ ಸಿಕ್ಕಿದ್ದು ಬರೀ ಕಲ್ಲು, ತಣ್ಣಗೆ. ಇನ್ನೂ ಕೈ ತೆಗೆದಿಲ್ಲ, ಮೇಲಿಂದ ಜಯತ್ತೆ “ಸಿಕ್ತಾ?” ಅಂದರು. ಅಪ್ಪನಿಗೆ ಸಿಕ್ಕಿದೆ, ಅತ್ತೆಗೆ ಸಿಕ್ಕಿದೆ, ಮಾವನಿಗೂ ಸಿಕ್ಕಿದೆ. ನಾನೊಬ್ಬಳು ಏನು ಹೇಳಲಿ ಹೇಳಿ? ಹಿಂದಿನ ವಾರವಷ್ಟೇ ಪಕ್ಕದ ಮನೆಯವರ ಸೀಬೆಕಾಯಿ ಕದ್ದಿದ್ದೆ, ಅದು ಆ ತೀರ್ಥದ ಗಂಗಮ್ಮನಿಗೆ ಗೊತ್ತಾಗಿಹೋಯಿತು ಅಂತ ಹೆದರಿದೆ. “ಸಿಕ್ತು” ಅಂದೆ. ಅತ್ತೆ ಕೆನ್ನೆ ಸವರಿ, ಪುಣ್ಯವಂತೆ ನನ್ನ ಸೊಸೆ ಅಂದರು.

ಕೊನೆಗೆ ಅಮ್ಮ ಬಗ್ಗಿದಳು. ಬಳೆಗಳು ಕಲ್ಲಿಗೆ ತಾಗುವ ಸದ್ದು ಬಹಳ ಹೊತ್ತು ಕೇಳಿತು. ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡು, “ಸಿಗಲಿಲ್ಲ” ಅಂದಳು.

ಮರುವರ್ಷವೂ ಅದೇ. ಅದರ ಮರುವರ್ಷವೂ ಅದೇ. ಜಯತ್ತೆ ಕೆಟ್ಟವರಲ್ಲ, ನಾಲಿಗೆ ಸ್ವಲ್ಪ ಉದ್ದ. ನಮ್ಮ ಮನೆಗೆ ಬಂದಾಗ ಹಾಲು ಉಕ್ಕಿದರೆ, ಹುಳಿ ತಳ ಹಿಡಿದರೆ, ನೀರೇ ಸಿಗದ ಕೈ ಅಲ್ವಾ ಅದು ಅಂತ ನಗುವರು. ಎಲ್ಲರೂ ನಗುವರು. ಅಮ್ಮನೂ ನಗುವಳು. ಹಾಗೆ ನಕ್ಕು ನಕ್ಕು ಅದು ತಮಾಷೆಯಿಂದ ಹೆಸರಾಯಿತು, ಹೆಸರಿನಿಂದ ನಂಬಿಕೆಯಾಯಿತು. ನೆಂಟರಿಷ್ಟರಲ್ಲಿ ಯಾರೋ ಬಾಣಂತಿಗೆ ಎಣ್ಣೆನೀರು ಹಾಕಲು ಅಮ್ಮನನ್ನು ಕರೆಯದೆ ಬಿಟ್ಟರು. ಅಮ್ಮ ಅದನ್ನು ಹೇಳಿಕೊಳ್ಳಲಿಲ್ಲ, ನಾವೂ ಕೇಳಲಿಲ್ಲ.

ನಾನು ಮಾತ್ರ ವರ್ಷವರ್ಷವೂ ಪುಣ್ಯವಂತೆಯಾಗಿಯೇ ಬೆಳೆದೆ. ಒಂದು ಸಲ ಬೆರಳಿಗೆ ಎಂಜಲು ಹಚ್ಚಿಕೊಂಡುಬಿಡೋಣ ಅನ್ನಿಸಿತ್ತು, ಸುಳ್ಳಿನ ಮೇಲೆ ಮೈಲಿಗೆಯ ಪಾಪವೂ ಬೇಡವೆಂದು ಬಿಟ್ಟೆ. ಹದಿನಾರಕ್ಕೆ ತೋಳು ಉದ್ದವಾಯಿತು, ಈ ಸಲ ಸಿಕ್ಕೇ ಸಿಗುತ್ತೆ, ಸಿಕ್ಕರೆ ಹಳೇ ಸುಳ್ಳೆಲ್ಲಾ ತಾನಾಗೇ ನಿಜವಾಗುತ್ತೆ ಅಂತ ಬೋರಲು ಮಲಗಿ ಇಳಿಸಿದೆ. ಕಲ್ಲು. ಹೊರಗೆ ಬಂದು ಸಿಕ್ತು ಅಂದೆ. ಹೊರಗೆ ಬಂಡೆಯ ನೆರಳಲ್ಲಿ ಪುಳಿಯೋಗರೆ ಬಿಚ್ಚುವ ಮುಂಚೆ ಅಮ್ಮ ನಮ್ಮ ಕೈಗಳನ್ನು ಒಂದೊಂದಾಗಿ ಹಿಡಿದು ಸೆರಗಿನಲ್ಲಿ ಒರೆಸುವಳು. ಎಲ್ಲರೂ ತಿಂದಮೇಲೆ ತಾನು ತಿನ್ನುವಳು.

ಈಗ ಹೇಳಲು ಕಷ್ಟವಾದ ಮಾತು. ಇಪ್ಪತ್ತನಾಲ್ಕಕ್ಕೆ ನೆಲಮಂಗಲದ ಛತ್ರದಲ್ಲಿ ನನ್ನ ಮದುವೆಯಾಯಿತು. ನಮ್ಮ ಕಡೆ ಧಾರೆ ಅಂದರೆ ಗಂಡು ಹೆಣ್ಣಿನ ಕೈಸೇರಿಸಿ, ಹುಡುಗಿಯ ತಂದೆತಾಯಿ ಮೊದಲು ಹಾಲುನೀರು ಎರೆಯಬೇಕು, ಆಮೇಲೆ ನೆಂಟರು ಸಾಲಾಗಿ ಬಂದು ಎರೆಯುತ್ತಾರೆ. ಅಮ್ಮ ಚೊಂಬು ಹಿಡಿದು ನಿಂತಿದ್ದಳು. ಜಯತ್ತೆ ಪಕ್ಕಕ್ಕೆ ಬಂದು, ಎಲ್ಲರಿಗೂ ಕೇಳುವ ಹಾಗೆ, ನಗುತ್ತಲೇ ಅಂದರು: “ನೀರೇ ಸಿಗದ ಕೈಲಿ ಮೊದಲ ಧಾರೆ ಯಾಕೆ? ನಾನೂ ನಮ್ಮನೆಯವರೂ ಎರೀತೀವಿ, ಕೊಡು.”

ಅಪ್ಪ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ಅಮ್ಮ ನನ್ನ ಮುಖ ನೋಡಿದಳು. ಒಂದು ಗಳಿಗೆ ಅಷ್ಟೆ. ನನಗೂ ಸಿಕ್ಕಿಲ್ಲ ಅತ್ತೆ, ಒಂದು ಸಲವೂ ಸಿಕ್ಕಿಲ್ಲ ಅನ್ನಲು ಆ ಗಳಿಗೆ ಸಾಕಾಗಿತ್ತು. ಮದುಮಗಳು ತಲೆತಗ್ಗಿಸಬೇಕು ಅಂತ ಒಂದು ಅನುಕೂಲದ ಶಾಸ್ತ್ರ ಇದೆ ನೋಡಿ, ನಾನು ತಲೆತಗ್ಗಿಸಿದೆ. ಅಮ್ಮ ಚೊಂಬನ್ನು ಅತ್ತೆಯ ಕೈಗೆ ಕೊಟ್ಟು ಸಾಲಿನ ಕೊನೆಗೆ ಹೋಗಿ ನಿಂತಳು. ಅವಳ ಸರದಿ ಬರುವ ಹೊತ್ತಿಗೆ ಊರೆಲ್ಲಾ ಎರೆದು ನನ್ನ ಕೈ ತೊಯ್ದುಹೋಗಿತ್ತು. ನನ್ನ ತಾಯಿ ಎರೆದ ನೀರು ಯಾವುದು ಅಂತ ನನಗೆ ತಿಳಿಯಲೇ ಇಲ್ಲ.

ಆದರೂ ಶಿವಗಂಗೆಗೆ ಹೋಗುವುದು ನಿಲ್ಲಲಿಲ್ಲ. ನನ್ನ ಯಜಮಾನರಿಗೆ ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸ, ಬೆಟ್ಟ ಅವರಿಗೆ ದಿನಾ ಕಾಣುವ ಕಲ್ಲುಗುಡ್ಡ. ಇಲ್ಲಿಗೆ ರಜೆ ಹಾಕಿ ಬರೋದಾ ಅಂತ ಗೊಣಗಿಕೊಂಡೇ ಬರುತ್ತಿದ್ದರು. ಎರಡು ಬಸ್ಸು ಹೋಗಿ ಕಾರಾಯಿತು. ಮೂರು ದಿನ ಹೋಗಿ ಒಂದು ದಿನವಾಯಿತು. ಛತ್ರದ ಸೂರು ಕುಸಿದು ಬೀಗ ಬಿತ್ತು. ಮೆಟ್ಟಿಲಿಗೆ ಕಂಬಿ ಬಂತು, ಕೋತಿಗಳು ಕಡಲೆಪುರಿ ಬಿಟ್ಟು ಚಿಪ್ಸಿಗೆ ಕೈಹಾಕಿದವು. ಮಾವ ಹೋದರು, ಅಪ್ಪ ಹೋದರು, ಜಯತ್ತೆ ಹೋಗಿಯೂ ಎಂಟು ವರ್ಷವಾಯಿತು. ಕೊನೆಯ ದಿನಗಳಲ್ಲಿ ಅತ್ತೆಗೆ ತಿಂಗಳುಗಟ್ಟಲೆ ಗಂಜಿ ಕುಡಿಸಿದ್ದು ಅಮ್ಮನ ಕೈಯೇ.

ನನ್ನ ಮಗಳು ಅನು ಮೊದಲ ಸಲ ಒಳಕಲ್ಲಿಗೆ ಕೈ ಇಳಿಸಿದ್ದು ಎಂಟು ವರ್ಷಕ್ಕೆ. ತಡಕಾಡಿ, ಎದ್ದುಬಂದು, “ನಂಗೂ ಸಿಗ್ಲಿಲ್ಲ ಅಜ್ಜಿ” ಅಂದಳು. ಅಷ್ಟು ಸಲೀಸಾಗಿ! ಅಮ್ಮ ಅವಳನ್ನು ಬಾಚಿ ತಬ್ಬಿಕೊಂಡು, ಹಾಗಾದ್ರೆ ನಾವಿಬ್ಬರೂ ಒಂದು ಪಾರ್ಟಿ ಅಂದಳು. ಆಗಲಾದರೂ ಆ ಪಾರ್ಟಿಗೆ ಸೇರಬಹುದಿತ್ತು. ಯಾರೋ ‘ನಿಮಗೆ ಸಿಕ್ತಾ?’ ಅಂತ ಕೇಳಿದರು, ನನ್ನ ಬಾಯಿ ತಾನಾಗೇ ಸಿಕ್ತು ಅಂದುಬಿಟ್ಟಿತು. ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಿದರೆ ಹೊಡೆಯಲ್ಲ ಅಂತ ದಿನಾ ಹೇಳುವ ಟೀಚರಮ್ಮ ನಾನು.

ಸೀರೆ ವಾಪಸ್ಸಾದ ಮರುದಿನ, ಮೊದಲ ಲಗ್ನಪತ್ರಿಕೆಯನ್ನು ದೇವರ ಮುಂದೆ ಇಡಲು ಅಮ್ಮನನ್ನು ಕರೆದುಕೊಂಡು, ಯಜಮಾನರ ಜೊತೆ ಕಾರಿನಲ್ಲಿ ಶಿವಗಂಗೆಗೆ ಹೋದೆ. ಕೆಳಗಿನ ಗುಡಿಯಲ್ಲಿ ಪೂಜೆಯಾಯಿತು. ಅಮ್ಮನಿಗೆ ಮೇಲೆ ಹತ್ತುವ ಮಂಡಿ ಇಲ್ಲ, ಬೀಗ ಬಿದ್ದ ಛತ್ರದ ಜಗಲಿಯ ಮೇಲೆ ಕಾಲು ನೀಡಿ ಕೂತಳು. ನೀನು ಹೋಗಿಬಾ ಅಂದಳು. ಏದುಸಿರು ಬಿಡುತ್ತಾ ಒಬ್ಬಳೇ ಹತ್ತಿದೆ. ಕೈ ಇಳಿಸಿದೆ, ಭುಜ ಕಲ್ಲಿಗೆ ಒತ್ತುವವರೆಗೂ. ಐವತ್ತನಾಲ್ಕು ವರ್ಷದ ಕೈಗೂ ಕಲ್ಲೇ.

ಇಳಿದು ಬಂದಾಗ ಅಮ್ಮ ರೂಢಿಯಂತೆ ನನ್ನ ಕೈ ಹಿಡಿದು ಎಳೆದುಕೊಂಡಳು. ನಾನು, “ಸಿಗಲಿಲ್ಲಮ್ಮ. ಯಾವತ್ತೂ ಸಿಕ್ಕಿಲ್ಲ” ಅಂದೆ. ಅವಳು ಬೆರಳ ಸಂದಿಯ ಮಣ್ಣು ಒರೆಸುತ್ತಾ, “ಗೊತ್ತು” ಅಂದಳು. “ಒರೆಸ್ತಾ ಇದ್ದೋಳು ನಾನಲ್ವಾ? ಒಣಗೇ ಇರ್ತಿತ್ತು. ನಿಂದೂ, ನಿನ್ನ ತಮ್ಮಂದೂ, ನಿಮ್ಮಪ್ಪಂದೂ. ಜಯಕ್ಕಂದು ಗೊತ್ತಿಲ್ಲ, ಅವ್ರು ನನ್ನ ಸೆರಗಿಗೆ ಕೈ ಕೊಡ್ತಿರ್ಲಿಲ್ಲ.”

ಮೊದಲೆರಡು ವರ್ಷ ತಾನೂ ಹೆದರಿದ್ದಳಂತೆ. ಏನು ತಪ್ಪು ಮಾಡಿದೀನೋ ಅಂತ ಕೂತು ಹುಡುಕಿಕೊಂಡಿದ್ದಳಂತೆ. ಮೂರನೇ ವರ್ಷ ಕೈ ಒರೆಸುವಾಗ ತಿಳಿಯಿತಂತೆ. ಹಾಗಾದರೆ ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ದರೆ ಮೇಷ್ಟ್ರು ಸುಳ್ಳ ಅನ್ನಿಸಿಕೊಳ್ಳುವರು, ಇಲ್ಲಿಗೆ ಬರುವುದೇ ನಿಂತುಹೋಗುವುದು ಅಂದಳು. “ವರ್ಷಕ್ಕೆ ಮೂರು ದಿನ ಕೂತ ಕಡೆ ಊಟ ಬರ್ತಿತ್ತು ಕಣೇ. ಅದಕ್ಕೆ ಪಾಪಿ ಅನ್ನಿಸ್ಕೊಂಡ್ರೂ ನಡೀತಿತ್ತು.”

ನನ್ನ ಮದುವೆಯ ದಿನ? ಅಂದೆ. ಕೇಳದೆ ಇರಬಹುದಿತ್ತು. ಅಮ್ಮ ಬೆಟ್ಟದ ಕಡೆ ನೋಡಿದಳು. “ಆವತ್ತು ನೀನು ಹೇಳ್ತೀಯೇನೋ ಅಂತ ಕಾದೆ” ಅಂದಳು. ಬೈಯಲಿಲ್ಲ, ಅಳಲಿಲ್ಲ. ಬಸ್ಸಿಗೆ ಕಾದೆ ಅನ್ನುವ ಹಾಗೆ ಹೇಳಿದಳು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನಾನು ಕಾರಿನ ಕಿಟಕಿಯ ಕಡೆ ಮುಖಮಾಡಿ ಅಳುತ್ತಿದ್ದೆ. ಯಜಮಾನರು ರೇಡಿಯೋ ಆರಿಸಿ ಓಡಿಸಿದರು.

ಮೊನ್ನೆ ಭಾನುವಾರ ಅನುವಿನ ಮದುವೆ. ಮೊಮ್ಮಗಳು ಹಟಹಿಡಿದು ಅಜ್ಜಿಗೆ ಆ ಕಂದು ರೇಷ್ಮೆಯನ್ನೇ ಉಡಿಸಿದ್ದಳು. ಧಾರೆಯ ಹೊತ್ತಿಗೆ ನಾನೂ ಯಜಮಾನರೂ ಮುಂದೆ ನಿಂತೆವು. ನಾನು ಚೊಂಬನ್ನು ಅಮ್ಮನ ಕಡೆ ಚಾಚಿದೆ. ಜಯತ್ತೆಯ ಮಗನ ಹೆಂಡತಿ ಮೆತ್ತಗೆ, ಅತ್ತೆಮ್ಮ ಆಮೇಲೆ ಎರೀಲಿ ಬಿಡಿ ಅಕ್ಕ, ಮೊದಲು ಮುತ್ತೈದೆಯರು ಅಂದಳು. ಅಮ್ಮ ಆಗಲೇ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿದ್ದಳು, ಸಾಲಿನ ಕೊನೆ ಅವಳಿಗೆ ಅಭ್ಯಾಸ. ಆದರೆ ಈ ಸಲ ಅವಳು ನನ್ನ ಮುಖ ನೋಡಲಿಲ್ಲ.

ಅವಳ ಮಣಿಕಟ್ಟು ಹಿಡಿದೆ. “ಶಿವಗಂಗೇಲಿ ನಂಗೆ ಒಂದು ಸಲನೂ ನೀರು ಸಿಕ್ಕಿಲ್ಲ” ಅಂದೆ. “ಸಿಕ್ತು ಅಂತ ಸುಳ್ಳು ಹೇಳ್ಕೊಂಡು ಬಂದೆ. ಆಗ ನಮ್ಮನೇಲಿ ನಿಜ ಹೇಳಿದ್ದು ಇದೊಂದೇ ಕೈ. ಮೊದಲ ಧಾರೆ ಇದೇ ಎರೀಬೇಕು.” ಪುರೋಹಿತರ ಮೈಕು ಪಕ್ಕದಲ್ಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳು ಊಟದ ಮನೆಯವರೆಗೂ ಹೋಯಿತು. ಅರ್ಧ ಜನಕ್ಕೆ ಏನೂ ಅರ್ಥವಾಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನ ತಮ್ಮ ಎದ್ದುನಿಂತು, ತಲೆತಗ್ಗಿಸಿ, ನಂಗೂ ಸಿಕ್ಕಿಲ್ಲ ಅಂದ.

ಅಮ್ಮ ಎರೆದಳು. ಹಾಲುನೀರು ಮದುಮಕ್ಕಳ ಕೈ ದಾಟಿ, ಕೆಳಗೆ ತಟ್ಟೆ ಹಿಡಿದಿದ್ದ ನನ್ನ ಕೈಯ ಮೇಲೂ ಹರಿಯಿತು. ಚೊಂಬನ್ನು ಯಜಮಾನರಿಗೆ ಕೊಟ್ಟು, ಅವಳು ರೇಷ್ಮೆ ಅಂತ ನೋಡದೆ, ಆ ಹೊಸ ಸೆರಗನ್ನು ಎಳೆದು ನನ್ನ ಕೈ ಒರೆಸತೊಡಗಿದಳು. ನುಣುಪು ಬಟ್ಟೆ, ನೀರು ಹೀರಲಿಲ್ಲ. ಎರಡು ಸಲ ಒರೆಸಿ, ನನ್ನ ಬೆರಳುಗಳನ್ನು ಹಾಗೇ ಹಿಡಿದುಕೊಂಡಳು.

“ಈಗ ಒದ್ದೆಯಾಗಿದೆ” ಅಂದಳು.