ಒಂದೇ ಸಲ ಕರೆದ ದನಿ

ನನ್ನ ನಾದಿನಿ ಶಾಲೆಯಲ್ಲಿ ಅಕ್ಕೋರು. ಅಣ್ಣನ ಹೆಂಡತಿಯಾದ ನನ್ನನ್ನು ಅವಳು ಕರೆಯುವುದು ವೈನಿ ಎಂದು. ಹದಿನಾಲ್ಕು ವರ್ಷ ಕೂಗಿ ಕೂಗಿ ಪಾಠ ಹೇಳಿ ಗಂಟಲು ಕೆಡಿಸಿಕೊಂಡಿದ್ದಳು. ಹುಬ್ಬಳ್ಳಿಯ ಡಾಕ್ಟರು ಅವಳ ಗಂಟಲೊಳಗಿನ ಎರಡು ಬಿಳಿ ಪಟ್ಟಿಗಳನ್ನೂ, ಒಂದರ ಅಂಚಿನಲ್ಲಿ ಸಾಸಿವೆಕಾಳಿನಷ್ಟಿದ್ದ ಗಂಟನ್ನೂ ಪರದೆಯ ಮೇಲೆ ನಮಗೆ ತೋರಿಸಿದರು.

"ಒಂದ ಸಲ ಜೋರಾಗಿ ಚೀರಿದ್ರೂ ಇದು ಒಡೀತೈತಿ. ಆಮ್ಯಾಲೆ ದನಿ ಮೊದಲಿನಂಗ ಬರತೈತಿ ಅಂತ ನಾ ಹೇಳೂದಿಲ್ಲ ನೋಡ್ರಿ," ಎಂದರು.

ಹಾಗಾಗಿ ಆ ಪೆಟ್ಟಿಗೆ ಬಂತು. ಅಂಗೈಯಗಲದ ಕಪ್ಪು ಸ್ಪೀಕರು, ಸೊಂಟಕ್ಕೆ ಕಟ್ಟಿಕೊಳ್ಳುವುದು. ಕಿವಿಗೆ ಸಿಕ್ಕಿಸಿದರೆ ತುಟಿಯ ಪಕ್ಕಕ್ಕೆ ಬರುವ, ಊದಿನಕಡ್ಡಿಯಷ್ಟು ತೆಳ್ಳಗಿನ ಮೈಕು. ನಡುವೆ ತಂತಿ ಇಲ್ಲ. ಪಿಸುಗುಟ್ಟಿದರೆ ಸಾಕು, ಪೆಟ್ಟಿಗೆ ಅದನ್ನೇ ದೊಡ್ಡದು ಮಾಡಿ ಹೇಳುತ್ತದೆ.

ಅವಳು ಪೆಟ್ಟಿಗೆ ಕಟ್ಟಿಕೊಂಡು ಶಾಲೆಗೆ ಹೊರಟ ಮೊದಲ ದಿನ ನಾನೂ ಜೊತೆಗೆ ಹೋದೆ. ದಾಂಡೇಲಿಯಿಂದ ಬೆಳಗಿನ ಬಸ್ಸು; ಜೋಯಿಡಾ ದಾಟಿ ಅಣಶಿಯ ಕಡೆಗೆ ಹೋದಂತೆ ಕಾಡು ಕಿಟಕಿಗೇ ತಾಗುತ್ತದೆ. ಶಾಲೆ ಎರಡೇ ಕೋಣೆಯದು. ಮಕ್ಕಳು ಮೂವತ್ತಕ್ಕಿಂತ ಕಡಿಮೆ.

ನಾದಿನಿ ಹಾಜರಿ ಪುಸ್ತಕ ತೆರೆದು ಮೊದಲ ಹೆಸರು ಕರೆದಳು. ಯಾರೂ ಏಳಲಿಲ್ಲ. ಎರಡನೆಯ ಹೆಸರು, ಮೂರನೆಯದು. ಮಕ್ಕಳೆಲ್ಲ ಅಲ್ಲೇ ಇದ್ದರು, ಆದರೆ ಅವಳ ಮುಖ ಬಿಟ್ಟು ಸೊಂಟ ನೋಡುತ್ತಿದ್ದರು. ಒಬ್ಬಳು ತನ್ನ ಹೆಸರು ಬಂದಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಂದು ಸಲ ಕರೆದರೆ ಎರಡನೆಯ ಸಲಕ್ಕೆ ಕಾಯದೆ ಎದ್ದು ನಿಲ್ಲಬೇಕಿತ್ತು. ಇದೇನು ಹೀಗೆ ಎಂದುಕೊಂಡೆ.

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಬಿಸಿಯೂಟದ ಅಡುಗೆಯವಳು ನಕ್ಕಳು. ಅವಳ ತವರು ಹಳಿಯಾಳದ ಕಡೆ.

"ಹೊಟ್ಟ್ಯಾಗಿಂದ ಕರದ್ರ ಹುಡುಗ್ರು ಓ ಅಂತಾವೇನ್ರಿ ಅಕ್ಕೋರ? ನಿಮ್ಮ ತುಟಿನ ಅಳ್ಳಾಡವಲ್ವು. ಈ ಊರಾಗ ಒಂದ ಸಲ ಕರದ್ರ ಯಾರೂ ಓ ಅನ್ನಂಗಿಲ್ಲ. ಮನಷ್ಯಾರಾದ್ರ ಎರಡನೇ ಸಲ ಕರೀತಾರ. ಅದು ಕರ್ಯಂಗಿಲ್ಲ."

"ಅದು ಅಂದ್ರ ಯಾವುದು?" ಎಂದೆ.

"ಅದ ರೀ," ಎಂದು ಅವಳು ಮೊರ ಎತ್ತಿಕೊಂಡು ಹೋದಳು.

ನಾದಿನಿ ನನ್ನ ಕಡೆ ತಿರುಗಿದಳು. "ನಿಮ್ಮ ಕಾನ್ವೆಂಟಿನ್ಯಾಗ ಇದನ್ನ ಕಲಿಸಿರಲಿಲ್ಲೇನ ವೈನಿ?" ಎಂದಿತು ಪೆಟ್ಟಿಗೆ. ಮಕ್ಕಳ ಮುಂದಿನ ಸಾಲು ಒಂದು ಗೇಣು ಹಿಂದೆ ಸರಿಯಿತು. ನಾನು ನಕ್ಕೆ.

ಮಧ್ಯಾಹ್ನ ಉಂಡ ಮಕ್ಕಳು ತಟ್ಟೆ ತೊಳೆಯಲು ಆಚೆಯ ನಳದ ಹತ್ತಿರ ಹೋಗಿದ್ದರು. ನಾದಿನಿ ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟು ಶಾಲೆಯ ಹಿಂದಿನ ಶೌಚಾಲಯಕ್ಕೆ ಹೋದಳು. ಮೈಕು ಕಿವಿಗೇ ಉಳಿದಿತ್ತು. ಕೋಣೆಯಲ್ಲಿ ನಾನೊಬ್ಬಳೇ. ಕರಿಹಲಗೆಯ ಕೆಳಗೆ ಸೀಮೆಸುಣ್ಣದ ಪುಡಿ, ಅದರಲ್ಲಿ ಇರುವೆ ನಡೆದ ಸಣ್ಣ ದಾರಿ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತು.

ಪೆಟ್ಟಿಗೆ ಉಸಿರಾಡತೊಡಗಿತು. ಎಳೆಯುವುದು, ಬಿಡುವುದು. ಆಮೇಲೆ ನಿಂತಿತು. ನಿಂತೇ ಇತ್ತು.

"ವೈನಿ."

ಬಹಳ ಮೆಲ್ಲಗೆ, ಕೆಳದನಿಯಲ್ಲಿ. ಅವಳ ದನಿಯೇ, ಆದರೆ ಅವಳ ನಗು ಅದರಲ್ಲಿರಲಿಲ್ಲ. ಓ ಎನ್ನಲು ಬಾಯಿ ತೆರೆದೆ. ಬಾಗಿಲಲ್ಲಿ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದ ಹುಡುಗಿ ಒದ್ದೆ ತಟ್ಟೆ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತ ತಲೆಯಾಡಿಸಿದಳು: ಬೇಡ.

ನಾನು ಬಾಯಿ ಮುಚ್ಚಿದೆ. ಎರಡನೆಯದಕ್ಕೆ ಕಾದೆ. ಹುಡುಗಿಯ ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಏಳು ಹನಿ ಎಣಿಸಿದ್ದು ನೆನಪಿದೆ.

ಎರಡನೆಯದು ಬಂತು. ಪೆಟ್ಟಿಗೆಯಿಂದಲೂ ಹಿಂದಿನ ಗೋಡೆಯಾಚೆಯಿಂದಲೂ ಒಟ್ಟಿಗೇ, ಬಟ್ಟೆ ಹರಿದ ಹಾಗೆ: "ವೈನೀ!"

ಓಡಿದೆ. ಶೌಚಾಲಯದ ಹೊಸ್ತಿಲ ಮೇಲೆ ನಾಗರಹಾವು ಹೆಡೆ ಎತ್ತಿತ್ತು. ನಾದಿನಿ ಒಳಗೆ ಗೋಡೆಗೆ ಅಂಟಿಕೊಂಡಿದ್ದಳು. ಅಡುಗೆಯವಳು ಕೋಲಿನಿಂದ ನೆಲ ಬಡಿದಳು. ಹಾವು ಅವಸರವಿಲ್ಲದೆ ಬಿದಿರಿನ ಮೆಳೆಯೊಳಗೆ ಹೋಯಿತು. ನಾದಿನಿ ಏನೋ ಹೇಳಿದಳು. ತುಟಿ ಅಲುಗಿತು, ಗಾಳಿಯಷ್ಟೇ ಬಂತು. ಒಳಗೆ ಖಾಲಿ ಕೋಣೆಯಲ್ಲಿ ಪೆಟ್ಟಿಗೆಯೂ ಆ ಗಾಳಿಯನ್ನೇ ದೊಡ್ಡದಾಗಿ ಹೇಳುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹಾಜರಿ ಪೆನ್ನಿನಿಂದ ಟಿಕೀಟಿನ ಹಿಂದೆ ಬರೆದಳು: "ಮೊದಲ್ನೇದು ಕೇಳಿಸಲಿಲ್ಲೇನ?"

ಸುಳ್ಳು ಹೇಳಬಹುದಿತ್ತು. "ಕೇಳಿಸಿತ್ತು," ಎಂದೆ. ಅವಳು ಟಿಕೀಟನ್ನು ಮಡಚಿ, ಮತ್ತೆ ಮಡಚಿ, ಕಿಟಕಿಯ ಸಂದಿಯಲ್ಲಿ ಸಿಕ್ಕಿಸಿದಳು. ದಾಂಡೇಲಿ ಬರುವವರೆಗೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಗಂಟು ಒಡೆದಿತ್ತು. ತಿಂಗಳು ಮೌನವಿದ್ದು ಮರಳಿ ಬಂದ ದನಿ ಅರ್ಧ ಮಾತ್ರ, ಒಣ ಎಲೆಯ ಮೇಲೆ ಯಾರೋ ನಡೆದಂತೆ. ಪೆಟ್ಟಿಗೆ ಇಲ್ಲದೆ ಎದುರು ಬೆಂಚಿಗೂ ಕೇಳಿಸದು. ಈಗ ಅವಳು ಹಾಜರಿಯಲ್ಲಿ ಪ್ರತಿ ಹೆಸರನ್ನೂ ಎರಡು ಸಲ ಕರೆಯುತ್ತಾಳಂತೆ. ಎರಡನೆಯದಕ್ಕೆ ಮಕ್ಕಳು "ಹಾಜರ್ ರೀ ಅಕ್ಕೋರ" ಎಂದು ಚಾವಣಿ ಹಾರುವಂತೆ ಕೂಗುತ್ತಾರಂತೆ. ಮನೆಯಲ್ಲೂ ಅದೇ ರೂಢಿ: "ವೈನಿ, ವೈನಿ." ನಾನು ಮೊದಲನೆಯದಕ್ಕೇ ಓ ಎನ್ನುತ್ತೇನೆ. ಅವಳು ಆದರೂ ಎರಡನೆಯದನ್ನು ಬಿಡುವುದಿಲ್ಲ.

ಹೋದ ವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ಪಡಸಾಲೆಯಿಂದ ಕರೆ ಬಂತು. "ವೈನಿ." ಒಂದೇ ಸಲ. ಅವಳು ಶಾಲೆಯಲ್ಲಿದ್ದಳು, ಪೆಟ್ಟಿಗೆಯೂ ಅವಳ ಸೊಂಟದಲ್ಲೇ ಇತ್ತು. ಅದು ನನಗೆ ಗೊತ್ತಿತ್ತು.

ಆದರೂ "ಓ, ಬಂದೆ" ಎಂದೆ. ಕೈ ಒರೆಸಿಕೊಂಡು ಎದ್ದು ಹೋಗಿ ನೋಡಿದೆ.